ನೋಡಿ ಕಲಿತ ಚೀಲಗಳು

ತಂಗಿಯ ಮಗಳಿಗೆ ಸೋದರಮಾವನ ಸಿಟ್ಟಿನ ಆಶೀರ್ವಾದಗಳು.

ಈ ಭೂಮಿಯ ಮೇಲೆ ಅಣಬೆ ಬೆಳೆಸುವುದನ್ನು ಕಂಡುಹಿಡಿದವನೇ ನಾನು. ಅಂಥವನಿಗೆ ನಿನ್ನ ಕೃಷಿ ಕಚೇರಿಯ ಕರಪತ್ರ ಕಳಿಸುತ್ತೀಯಾ? ‘ಶರತ್ಕಾಲದ ಹುಳು, ಬೂಷ್ಟು: ಎಚ್ಚರ!’ ಅಂತೆ. ಹಸಿರು ಬೂಷ್ಟು ಹಿಡಿದ ಚೀಲವನ್ನು ಕೂಡಲೇ ಹೊರಗೆ ಹಾಕಬೇಕೆಂದು ಮೊದಲ ಪುಟದಲ್ಲೇ ಬರೆಯಲು ನಿನಗೇನು ಧಾಡಿ? ನಾಲ್ಕನೇ ಪುಟ ಯಾರು ಓದುತ್ತಾರೆ?

ಹಿಂದಿನ ಕೋಣೆಯಲ್ಲಿ ಹುಲ್ಲು ತುಂಬಿ ಅಣಬೆ ಬೀಜ ಹಾಕಿದ ನಲವತ್ತು ಚೀಲ ತೂಗುಹಾಕಿದ್ದೆ. ಒಂದು ಹಸಿರಾಯಿತು. ಫಸಲು ಬಂತೆಂದು ಅದನ್ನು ನಟ್ಟನಡುವೆ ಕಟ್ಟಿ, ಉಳಿದವು ನೋಡಿ ಕಲಿಯಲಿ ಎಂದೆ. ಕಲಿತವು! ವಾರದೊಳಗೆ ನಲವತ್ತೂ ಹಸಿರು. ಗಾಳಿಗೆಂದು ಕಿಟಕಿ ತೆರೆದರೆ ಗುಂಗುರುಗಳ ದಂಡೇ ಬಂದು ಸಂಸಾರ ಹೂಡಿತು. ನಿನ್ನತ್ತೆ ಬಾಗಿಲಲ್ಲಿ ನಿಂತು, “ಪಾಠ ಚೆನ್ನಾಗಿ ಹೇಳ್ಕೊಟ್ಟಿದೀರಿ ಮೇಷ್ಟ್ರೇ” ಅಂದಳು. ಬೊಚ್ಚು ಬಾಯಲ್ಲಿ ನಗು ಬೇರೆ!

ಆ ಬಾಯಿಗೆ ಹಲ್ಲಿನ ಸೆಟ್ಟು ಕಟ್ಟಿಸಲು ಇಟ್ಟಿದ್ದ ದುಡ್ಡಲ್ಲೇ ಚೀಲ ತಂದದ್ದೆಂದು ಅವಳಿಗೆ ಗೊತ್ತಿಲ್ಲ. ಸೋಮವಾರ ಅಳತೆ ಕೊಡಲು ಹೋಗಬೇಕಂತೆ. ಈಗಲೇ ಕನ್ನಡಿ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ.

ತಪ್ಪೆಲ್ಲ ನಿನ್ನ ಕರಪತ್ರದ್ದೇ. ಆದ್ದರಿಂದ ಭಾನುವಾರವೇ ಬಾ, ನಾನು ನಿಜ ಹೇಳುವಾಗ ಪಕ್ಕದಲ್ಲಿ ಕೂತಿರು. ಹೋದದ್ದು ಇನ್ನೂರು ರೂಪಾಯಿ ಎಂದು ಅವಳಿಗೆ ಹೇಳಿದ್ದೇನೆ.

ಹನ್ನೆರಡು ಸಾವಿರದ ಆರುನೂರು.

ಇಂತು,
ನಿನ್ನ ಮಾವ