ಈ ತಿಂಗಳ ಕೊನೆಯವರೆಗೆ ಮಾತ್ರ

ಮನೆಯಿಂದ,
ಮಾರ್ಚ್ ಹನ್ನೆರಡು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಭುಜದ ನೋವು ಕಡಿಮೆಯಾಯಿತಾ? ಜೈಂಟ್ ವೀಲ್ ರಿಪೇರಿಗೆ ಮೇಲೆ ಹತ್ತುವಾಗ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳುತ್ತೀಯೋ ಇಲ್ಲವೋ ಎಂದು ಮೊದಲು ಕೇಳಬೇಕಂತೆ, ಅಮ್ಮನ ಹುಕುಂ. ನಾವೆಲ್ಲ ಚೆನ್ನಾಗಿದ್ದೇವೆ. ಊರೂರು ಸುತ್ತುವ ನಿಮ್ಮ ಆಟದ ಪಾರ್ಕು ಮುಂದಿನ ವಾರ ಯಾವ ಊರಿನ ಮೈದಾನಕ್ಕೆ ಹೋಗುತ್ತದೆ ಅಂತ ನಿಮ್ಮ ಮೇಸ್ತ್ರಿಯನ್ನೇ ಕೇಳಿ ಈ ವಿಳಾಸಕ್ಕೆ ಬರೆಯುತ್ತಿದ್ದೇನೆ. ಈ ಕಾಲದಲ್ಲಿ ಕಾಗದ ಯಾಕೆ ಅಂತ ನಗಬೇಡ. ಮೆಸೇಜ್ ಕಳಿಸಿದರೆ ನೀನು ಒಂದು ಹೆಬ್ಬೆರಳೆತ್ತಿ ಮುಗಿಸಿಬಿಡುತ್ತೀಯ. ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ, ನಾಲ್ಕು ಸಾಲಿಗೊಮ್ಮೆ "ಏನು ಬರೆದೆ, ಓದು" ಅಂತ ಪೀಡಿಸುತ್ತಾ.

ವಿಷಯ ಏನೆಂದರೆ, ನಮ್ಮ ಕಪ್ಪೆಗಳು ವಾಪಸ್ ಬಂದಿವೆ. ಒಂದೇ ಹಗ್ಗಕ್ಕೆ ಕಟ್ಟಿದ ಕೆಂಪು ಕಪ್ಪೆ, ಹಸಿರು ಕಪ್ಪೆ, ಹೊಳೆ ದಾಟುವ ಆ ಹಳೇ ಆಟ. ಅಮ್ಮ ತನ್ನ ಹೊಲಿಗೆ ಅಂಗಡಿಯ ಪರದೆಯ ಹಿಂದೆ ಎರಡು ಟೀವಿಗೆ ವಿಡಿಯೋ ಗೇಮ್ ಜೋಡಿಸಿಟ್ಟು ಗಂಟೆ ಲೆಕ್ಕದಲ್ಲಿ ಬೀದಿಯ ಮಕ್ಕಳಿಗೆಲ್ಲ ಆಡಿಸುತ್ತಿದ್ದಳಲ್ಲ, ಆಗಿನದು. ಮಕ್ಕಳು ಮನೆಗೆ ಹೋದ ಮೇಲೆ ನೀವಿಬ್ಬರೂ ಕೂರುತ್ತಿದ್ದಿರಿ. ಅಮ್ಮ ಕೆಂಪು, ನೀನು ಹಸಿರು. ಒಂದು ಕಪ್ಪೆ ಮೊದಲು ಹಾರಿದರೂ ಇನ್ನೊಂದು ನೀರಿಗೆ. ನಾನು ಬ್ಲೌಸಿಗೆ ಕಾಜಾ ಹಾಕುತ್ತಾ ನೋಡುತ್ತಿದ್ದೆ. ನನ್ನನ್ನು ಆಟಕ್ಕೆ ಸೇರಿಸಿಕೊಳ್ಳದಿದ್ದಕ್ಕೆ ಆಗ ಹೊಟ್ಟೆ ಉರಿಯುತ್ತಿತ್ತು, ಈಗಲೂ ಸ್ವಲ್ಪ ಉರಿಯುತ್ತದೆ. ಅಣೆಕಟ್ಟಿನ ಹಂತ ನೀವು ಒಮ್ಮೆಯೂ ದಾಟಲಿಲ್ಲ. ಅಷ್ಟರಲ್ಲಿ ಆಟದ ಮಷೀನೇ ಸುಟ್ಟುಹೋಯಿತು. ಅಣೆಕಟ್ಟಿನ ಆಚೆ ಏನಿದೆ ಅಂತ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಆಟಕ್ಕೆ ಮೂವತ್ತು ವರ್ಷ ತುಂಬಿತಂತೆ. ಅದಕ್ಕೆ ಕಂಪನಿಯವರು ಮತ್ತೆ ಬಿಟ್ಟಿದ್ದಾರೆ, ಆದರೆ ಈ ತಿಂಗಳ ಕೊನೆಯವರೆಗೆ ಮಾತ್ರ, ಅದೂ ವರ್ಷದ ಚಂದಾ ಕಟ್ಟಿದವರಿಗೆ. ಆಮೇಲೆ ತೆಗೆದುಬಿಡುತ್ತಾರೆ, ದುಡ್ಡು ಕೊಡುತ್ತೇವೆ ಅಂದರೂ ಸಿಗುವುದಿಲ್ಲ. ನಿನ್ನ ಭಾವನಿಗೆ ಇದನ್ನು ಕೇಳಿ ಮೈಯೆಲ್ಲ ಉರಿದುಹೋಯಿತು. "ಹಳೇ ಕಪ್ಪೆ ತೋರಿಸಿ ಹೊಸ ಚಂದಾ ಕಟ್ಟಿಸ್ಕೊಳ್ತಾರೆ, ಇದು ಆಟ ಅಲ್ಲ, ಗಾಳ" ಅಂದರು. ಅಮ್ಮ ತಣ್ಣಗೆ, "ಕೊನೇ ಎರಡು ಪೀಸ್ ಅಂತ ನಾನೂ ಅಂಗಡಿ ಬಾಗಿಲಿಗೆ ಬೋರ್ಡ್ ಹಾಕಿದವಳೇ. ಗಾಳ ಅಂತ ಗೊತ್ತಿದ್ದೇ ಬಾಯಿ ಹಾಕ್ತಿದೀನಿ, ಕಟ್ಟು" ಅಂದಳು. ಬಸ್ಸಿನ ತುಂಬ ಜನರನ್ನು ಹೆದರಿಸುವ ಡ್ರೈವರ್ ಸಾಹೇಬರು ಅತ್ತೆಯ ಮುಂದೆ ಬಾಯಿ ಮುಚ್ಚಿಕೊಂಡು ಕಟ್ಟಿದರು.

ಕಟ್ಟಿದ ಮೇಲೂ ಅವರ ಗೊಣಗಾಟ ನಿಂತಿಲ್ಲ. ವರ್ಷಪೂರ್ತಿ ಯಾರೂ ಮುಟ್ಟದ ನೂರೆಂಟು ಆಟಕ್ಕೆ ಯಾಕೆ ದುಡ್ಡು, ಅಣ್ಣನ ಹತ್ತಿರ ಮಾತಾಡಬೇಕಿದ್ದರೆ ಫೋನಿಲ್ಲವಾ ಅಂತ. ಅವರು ಹೇಳುವುದು ತಪ್ಪೇನಲ್ಲ. ಆದರೆ ಫೋನಿನಲ್ಲಿ ನೀವು ತಾಯಿ ಮಗ ಮಾತಾಡುವ ಚಂದ ನನಗೆ ಗೊತ್ತಲ್ಲ. "ಊಟ ಆಯ್ತಾ?" "ಆಯ್ತು, ನಿಂದು?" "ಆಯ್ತು." ಅಲ್ಲಿಗೆ ಮುಗಿಯಿತು. ಆಮೇಲೆ ಇಬ್ಬರೂ ಉಸಿರಾಡುವುದು ಮಾತ್ರ ಕೇಳಿಸುತ್ತದೆ. ಅದೇ ಆಟಕ್ಕೆ ಕೂತಾಗ ನೀವು ಬೈದಾಡಿಕೊಳ್ಳುತ್ತಿದ್ದದ್ದೇನು, ನಗುತ್ತಿದ್ದದ್ದೇನು, ನಡುವೆ ನಿನ್ನ ಪರೀಕ್ಷೆಯ ವಿಷಯ, ಅಪ್ಪ ತೀರಿಹೋದ ವರ್ಷದ ವಿಷಯ, ಎಲ್ಲ ತಾನಾಗಿ ಹೊರಗೆ ಬರುತ್ತಿತ್ತು. ಕಣ್ಣು ಟೀವಿಯ ಮೇಲಿದ್ದರೆ ಮಾತ್ರ ನಿಮಗೆ ಬಾಯಿ ಬರುತ್ತದೆ. ಆ ಚಂದಾ ಕಟ್ಟಿದ್ದರೆ ನೀನೆಲ್ಲೋ, ಅಮ್ಮ ಎಲ್ಲೋ ಇದ್ದರೂ ಒಂದೇ ಹೊಳೆಯಲ್ಲಿ ಹಾರಬಹುದು. ನನಗೆ ಅದರ ಬೆಲೆ ಅಷ್ಟೇ.

ಕಳೆದ ವಾರ ಒಂದು ಸಂಜೆ ಅಮ್ಮ ಒಬ್ಬಳೇ ಕೂತಿದ್ದಾಗ ಯಾರೋ ಅಪರಿಚಿತರು ಜೋಡಿಯಾದರು. ಯಾವ ದೇಶದವರೋ, ಯಾವ ಭಾಷೆಯೋ, ಪರದೆಯ ಮೇಲೆ ಕಾಣುವುದು ಒಂದು ಅಡ್ಡಹೆಸರು ಮಾತ್ರ. ಚೆನ್ನಾಗಿಯೇ ಆಡಿದರು. ಅಣೆಕಟ್ಟಿನ ಹತ್ತಿರ ಬರುತ್ತಿದ್ದ ಹಾಗೆ ಹಸಿರು ಕಪ್ಪೆ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು, ಆಮೇಲೆ ಮಾಯ. ನನಗೆ ಸಿಟ್ಟು ಬಂತು. ಅಮ್ಮ ಮಾತ್ರ, "ಯಾರ ಮನೆ ಮಗುನೋ ಏನೋ, ಊಟಕ್ಕೆ ಕರೆದಿರ್ತಾರೆ" ಅಂತ ಎದ್ದು ಹೋದಳು. ಮಾರನೇ ದಿನದಿಂದ ಬೇರೆಯವರ ಜೊತೆ ಆಡಲಿಲ್ಲ. ನಾನು ಕೂರುತ್ತೇನೆ ಅಂದರೂ ಬೇಡ. ನಾನು ಅವಸರದವಳಂತೆ.

ಈಗ ಬರೆಯುವುದನ್ನು ಅಮ್ಮನಿಗೆ ಓದುವಾಗ ಹಾರಿಸಿಬಿಡುತ್ತೇನೆ. ಮೊನ್ನೆ ಗುರುವಾರ ನಿನ್ನ ಹೆಸರಿನ ಪಕ್ಕ ಹಸಿರು ದೀಪ ಹೊತ್ತಿತು. ಅಮ್ಮ ಒಲೆ ಆರಿಸಿ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಕಂಟ್ರೋಲರ್ ಹಿಡಿದು ಕೂತಳು. ನೀನು ಇನ್ನಾವುದೋ ಗುಂಡು ಹಾರಿಸುವ ಆಟದಲ್ಲಿದ್ದೆ. ಕರೆ ಕಳಿಸಲಾ ಅಂದೆ. "ಬೇಡ, ದುಡಿದು ಬಂದಿರ್ತಾನೆ, ಅವನಿಗೆ ಬೇಕಾದ್ದು ಆಡ್ಲಿ. ಮುಗಿಸಿ ಈ ಕಡೆ ನೋಡ್ತಾನೆ" ಅಂದಳು. ನೀನು ಮುಗಿಸಿದೆ, ದೀಪ ಆರಿತು. ಅಮ್ಮ ಕಂಟ್ರೋಲರ್ ಕೆಳಗಿಟ್ಟು ಹೋಗಿ ಮತ್ತೆ ಒಲೆ ಹಚ್ಚಿದಳು. ನಿನ್ನ ಮೇಲೆ ದೂರು ಹೇಳುತ್ತಿಲ್ಲ ಅಣ್ಣಾ. ಕಪ್ಪೆಗಳು ಬಂದಿರುವುದೇ ನಿನಗೆ ಗೊತ್ತಿರಲಿಲ್ಲ, ಹೇಳಬೇಡ ಅಂತ ಅಮ್ಮ ನನ್ನ ಬಾಯಿ ಕಟ್ಟಿದ್ದಳು. ತಾನಾಗಿ ನೋಡಿ ಬರಲಿ ಅನ್ನುವ ಆಸೆ ಅವಳದು. ತಿಂಗಳು ಕರಗುತ್ತಿದೆ ಅಂತ ಈವತ್ತು ಅವಳೇ "ಬರಿ, ಒಂದು ಸಂಜೆ ಆನ್‌ಲೈನಿಗೆ ಬರ್ಲಿ" ಅಂದಳು.

ಇಲ್ಲಿಯ ಬೇರೆ ಸಮಾಚಾರ ಕಡಿಮೆ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೊಸ ಬಣ್ಣ ಹೊಡೆದಿದ್ದಾರೆ, ಮೂರು ದಿನದಿಂದ ತಲೆನೋವು. ನಿನ್ನ ಕೋಣೆಯ ಕಿಟಕಿ ಮತ್ತೆ ಬಿಗಿಯಾಗಿದೆ, ನೀನು ಗುದ್ದುವ ಜಾಗ ಯಾರಿಗೂ ಗೊತ್ತಿಲ್ಲ. ನೀನು ಬಂದು ಎರಡು ವರ್ಷ ದಾಟಿತು. ಸಂಜೆ ಯಾರಾದರೂ ನಿನ್ನ ಹಾಗೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರೆ ಮನೆಯಲ್ಲಿ ಎಲ್ಲರೂ ಬಾಗಿಲ ಕಡೆ ತಿರುಗುತ್ತೇವೆ.

ಸಮಯಕ್ಕೆ ಊಟ ಮಾಡು, ಭುಜಕ್ಕೆ ಶಾಖ ಕೊಟ್ಟುಕೋ. ಭಾವ ಕೇಳಿದೆ ಅಂತ ಹೇಳಲು ಹೇಳಿದ್ದಾರೆ. ಅಮ್ಮನ ಆಶೀರ್ವಾದ ಈ ಕಾಗದಕ್ಕಿಂತ ಮೊದಲೇ ನಿನ್ನನ್ನು ತಲುಪಿರುತ್ತದೆ.

ನಿನ್ನ ಪ್ರೀತಿಯ,
ಪುಟ್ಟಿ

ಮರೆತ ಮಾತು: ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಅಮ್ಮನ ಎರಡೂ ಕಣ್ಣಿನ ನಡುಭಾಗ ಮಸುಕಾಗುತ್ತಿದೆ. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಇಂಜೆಕ್ಷನ್ ಕೊಡುತ್ತಿದ್ದಾರೆ, ಅದರಿಂದ ಮಸುಕಾಗುವುದು ನಿಧಾನವಾಗಬಹುದು, ಆದರೆ ಹೋದ ದೃಷ್ಟಿ ಮರಳುವುದಿಲ್ಲ ಅಂದರು. ನಿನಗೆ ತಿಳಿಸಬೇಡ ಅಂತ ಆಣೆ ಮಾಡಿಸಿಕೊಂಡಿದ್ದಾಳೆ, ಮುರಿದಿದ್ದೇನೆ. ಕೆಂಪು ಯಾವುದು, ಹಸಿರು ಯಾವುದು ಅಂತ ನಿನ್ನೆ ನನ್ನನ್ನು ಕೇಳಿದಳು. ಬೆಳಿಗ್ಗೆ ನಿನ್ನ ಫೋಟೋ ಹಿಡಿದುಕೊಂಡು ಮುಖ ತಿರುಗಿಸಿ ಓರೆಯಾಗಿ ನೋಡುತ್ತಿದ್ದಳು. ನೇರ ನೋಡಿದರೆ ನಿನ್ನ ಮುಖ ಇರುವ ಜಾಗವೇ ಅಳಿಸಿಹೋಗುತ್ತದಂತೆ, ಪಕ್ಕದಿಂದಾದರೆ ಇನ್ನೂ ಕಾಣುತ್ತದಂತೆ. ಆನ್‌ಲೈನಿಗೆ ಬರಬೇಡ ಅಣ್ಣಾ, ಮನೆಗೆ ಬಾ. ಬಂದಾಗ ಅವಳ ಎದುರಿಗೆ ಕೂರಬೇಡ, ಪಕ್ಕದಲ್ಲಿ ಕೂತ್ಕೋ.