ದೇವರ ಮುಂದಿದ್ದ ಜಾಕಿ, ಸೀಟಿನ ಹಿಂದಿದ್ದ ಕಂಬಳಿ

ಮಾವಾರೇ,

ಮೊದಲು ಕನ್ನಡಕ ಹುಡುಕಿಕೊಳ್ಳಿ. ಇಲ್ಲಿದ್ದಾಗ ಅದು ನಿಮ್ಮ ಹಣೆಯ ಮೇಲೆಯೇ ಕೂತಿರುತ್ತಿತ್ತು, ನೀವು ಮನೆಮಂದಿಯನ್ನೆಲ್ಲ ಬೈಯುತ್ತಿದ್ದಿರಿ. ಅಲ್ಲಿ ಯಾರನ್ನು ಬೈಯುತ್ತೀರೋ ಏನೋ. ನಿಮ್ಮ ಸೊಸೆ ಗಿರಿಜಾ ಬರೆಯುತ್ತಿದ್ದೇನೆ. ನೀವು ಹೋದಮೇಲೆ ವರ್ಷದ ಕಾರ್ಯವೂ ಮುಗಿಯಿತು. ಮೊನ್ನೆ ಆಯುಧಪೂಜೆಯ ದಿನ ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ಅರ್ಧ ಓದುವಷ್ಟರಲ್ಲಿ ನಿಮಗೆ ಸಿಟ್ಟು ಬರುತ್ತದೆ. ದಯವಿಟ್ಟು ಕೊನೆಯವರೆಗೂ ಓದಿ.

ಕಂಪ್ಲಿಯ ನಮ್ಮಪ್ಪನ ಗದ್ದೆ ನೆನಪಿದೆಯಾ? ಭತ್ತದ ಕೊಯ್ಲು ಮುಗಿದಿತ್ತು, ನೆಲ ಇನ್ನೂ ಹಸಿಯಾಗಿತ್ತು. ನಿಮ್ಮ ಕಣ್ಣಿಗೆ ಪೊರೆ ಬಂದು ನಮ್ಮ ಕ್ಯಾಂಪರ್ ಪಿಕಪ್ ಗಾಡಿ ಮನೆ ಮುಂದೆ ನಿಂತಿದ್ದ ದಿನಗಳವು. ನಿಮ್ಮ ಮಗನಿಗೆ ಕಾರ್ಖಾನೆಯ ಪಾಳಿ. ಸಂಡೂರು ಗುಡ್ಡದ ಸಸಿತೋಟಕ್ಕೆ ಗೊಬ್ಬರ, ಆಳುಗಳನ್ನು ಸಾಗಿಸುವ ಕೆಲಸ ಕೈತಪ್ಪಿತೆಂದು ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತಿದ್ದರೆ, ನೀವು ಬಂದು ಚಾವಿಯನ್ನು ನನ್ನ ಮುಂದೆ ಇಟ್ಟಿರಿ. ಕುರೆಕುಪ್ಪದ ನಮ್ಮ ಓಣಿಯಲ್ಲಿ ಆಗ ಎಷ್ಟು ಬಾಯಿ ಎದ್ದವು! ಸೊಸೆ ಸ್ಟೇರಿಂಗ್ ಹಿಡಿಯುತ್ತಾಳಂತೆ, ಮಾವ ಪಕ್ಕದಲ್ಲಿ ಕೂರುತ್ತಾನಂತೆ. ನೀವು ಅದಕ್ಕೆ ಕಿವಿಗೊಡದೆ ನನಗೆ ಗಾಡಿ ಹೊಡೆಯಲು ಕಲಿಸಿದಿರಿ, ಆಮೇಲೆ ತವರಿಗೆ ಕರೆದುಕೊಂಡು ಹೋಗಿ, ಬೇಕಂತಲೇ ನನ್ನ ಕೈಯಿಂದ ಗಾಡಿಯನ್ನು ಕೆಸರಿಗೆ ಇಳಿಸಿ, ಬದುವಿನ ಮೇಲೆ ಹೋಗಿ ಕೂತಿರಿ.

"ಈಗ ಹೊರಗ ತ್ಯಗಿ ಗಿರಿಜವ್ವಾ."

ನಾನು ಆಕ್ಸಿಲರೇಟರ್ ತುಳಿದಷ್ಟೂ ಚಕ್ರ ಹೂತುಕೊಂಡಿತು. ಸಿಟ್ಟಿಗೆ ಅಳು ಬಂತು. ನಮ್ಮಪ್ಪ ನಿಮ್ಮ ಪಕ್ಕದಲ್ಲಿ ಕೂತು ಹಲ್ಲು ಕಿಸಿಯುತ್ತಿದ್ದ. ಬಹಳ ಹೊತ್ತಾದ ಮೇಲೆ ನೀವು ಇಳಿದು ಬಂದು ಹೇಳಿದಿರಿ: "ಗಾಡಿ ಹೊಡಿಯೋದು ಯಾರಿಗಾದ್ರೂ ಬರ್ತೈತಿ. ಸಿಗಿಬಿದ್ದ ಗಾಡಿ ಮುಂದ ತಲಿ ಕೆಡಿಸ್ಕೊಳ್ದ ನಿಂದ್ರೋದು ಕಲಿ. ಟೈರಿನ ಗಾಳಿ ಇಳಸು. ಟೈರು ಅಗಲ ಆದ್ರ ನೆಲ ಹಿಡೀತೈತಿ." ಗಾಳಿ ಇಳಿಸಿದೆ. ಗಾಡಿ ಎಮ್ಮೆಯಂತೆ ಕೆಸರಿನಿಂದ ಎದ್ದು ಬಂತು. ಅವತ್ತಿನ ಖುಷಿಯನ್ನು ಮದುವೆಯ ದಿನವೂ ನಾನು ಕಂಡಿರಲಿಲ್ಲ. ನಿಮ್ಮ ಮಗನಿಗೆ ಇದನ್ನು ಹೇಳಬೇಡಿ.

ಆ ಕಬ್ಬಿಣದ ಪೆಟ್ಟಿಗೆಯನ್ನು ನೀವು ಮೊದಲ ಸಲ ತೆರೆದು ತೋರಿಸಿದಾಗ ನನಗೆ ನಗು ತಡೆಯಲಾಗಿರಲಿಲ್ಲ. ಜಾಕಿ, ಪಾನಾ, ಸಲಿಕೆ, ಎಳೆಯುವ ಹಗ್ಗ, ಗಾಳಿ ಪಂಪು, ಬ್ಯಾಟರಿ ದೀಪ, ನೀರಿನ ಕ್ಯಾನು, ಔಷಧದ ಡಬ್ಬಿ ಸರಿ. ಕಡಕ್ ರೊಟ್ಟಿಯ ಗಂಟು ಯಾಕೆ? ಬೆಲ್ಲ ಯಾಕೆ? ಕುರುಬರ ಕರಿ ಕಂಬಳಿ ಯಾಕೆ? ಪೆಟ್ಟಿಗೆಯನ್ನು ಹಿಂದೆ ಸಾಮಾನು ಹೇರುವ ಜಾಗದಲ್ಲಿಡದೆ, ಕೂರುವವರ ಜಾಗ ಹಾಳುಮಾಡಿ ಒಳಗಿನ ಸೀಟಿನ ಮೇಲೆಯೇ ಯಾಕೆ? "ಬೇಕಾದಾಗ ಕೆಳಗಿಳಿಯಾಕ ಆಗದಂಗ ಇದ್ರ?" ಎಂದಿದ್ದಿರಿ. ಗುಡ್ಡದಲ್ಲಿ ಅಂಥದ್ದೇನು ಆಗುತ್ತದೆ, ಹುಲಿ ಬರುತ್ತದಾ ಎಂದು ನಾನು ಕೇಳಿದ್ದೆ. ಗಣಿಯ ಜೀಪಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ನೀವು ಸುಮ್ಮನೆ ನಕ್ಕಿರಿ. ಸಸಿತೋಟದ ವಾಚಮನ್ ತಿಪ್ಪೇಶಿಯಂತೂ ನಮ್ಮ ಗಾಡಿ ಕಂಡೊಡನೆ, "ಸಂಸಾರಾನ ಗಾಡ್ಯಾಗ ಹೇರ್ಕೊಂಡು ಬಂದ್ರು ನೋಡ್ರಿ" ಎಂದು ಕೂಗುತ್ತಿದ್ದ. ಆದರೆ ನಿಮ್ಮ ರೊಟ್ಟಿ ಬೆಲ್ಲದಲ್ಲಿ ಅರ್ಧಪಾಲು ಅವನ ಹೊಟ್ಟೆಗೇ ಹೋಗುತ್ತಿತ್ತು.

ಆಯುಧಪೂಜೆ ಬಂತೆಂದರೆ ನಿಮಗೂ ಅತ್ತೆಗೂ ಜಟಾಪಟಿ. ಊರಿನವರೆಲ್ಲ ಗಾಡಿಯ ಸಾಮಾನನ್ನು ಇಳಿಸಿ, ತೊಳೆದು, ವಿಭೂತಿ ಬಳಿದು ದೇವರ ಮುಂದೆ ಸಾಲಾಗಿ ಇಡುತ್ತಾರೆ. ಮರುದಿನ ಬನ್ನಿ ಕೊಡುವವರೆಗೂ ಅದನ್ನು ಮುಟ್ಟುವ ಹಾಗಿಲ್ಲ. ನೀವು ಮಾತ್ರ ಪೆಟ್ಟಿಗೆಯ ಮುಚ್ಚಳ ತೆಗೆದು, ಅಲ್ಲೇ ಜಾಕಿಗೆ ಮೂರು ಬೆರಳು ವಿಭೂತಿ ಎಳೆದು, ಊದುಬತ್ತಿ ತೋರಿಸಿ ಮುಚ್ಚಿಬಿಡುತ್ತಿದ್ದಿರಿ. "ದೇವ್ರು ಗಾಡಿಗೇ ಬರ್ಲಿ, ಅವಗೇನು ಕಾಲಿಲ್ಲೇನು?" ಎನ್ನುತ್ತಿದ್ದಿರಿ. ಅತ್ತೆ ಮೂರು ದಿನ ಮುಖ ಊದಿಸಿಕೊಂಡು ಓಡಾಡುತ್ತಿದ್ದರು.

ಹೋದ ವರ್ಷ ನಾವು ಹಬ್ಬ ಮಾಡಲಿಲ್ಲ. ಈ ಸಲ ಮೊದಲ ಪೂಜೆ, ನೀವಿಲ್ಲದೆ. ಮೊನ್ನೆ ಬೆಳಿಗ್ಗೆ ನಾನು ತಲೆಗೆ ಎರೆದುಕೊಂಡು ಬರುವಷ್ಟರಲ್ಲಿ ಅತ್ತೆ ಪೆಟ್ಟಿಗೆ ಬರಿದು ಮಾಡಿದ್ದರು. ನನಗದು ಗೊತ್ತಾಗಲಿಲ್ಲ ಮಾವಾರೇ. ದೇವರ ಕೋಣೆಯ ಬಾಗಿಲು ಮುಂದೆಳೆದಿತ್ತು, ನಾನು ಹೊರಗೆ ಬಾನೆಟ್ಟಿಗೆ ಬಾಳೆಕಂಬ ಕಟ್ಟುತ್ತಿದ್ದೆ. ನೀವು ಮುಟ್ಟಿ ಬಳಸಿದ ಒಂದೊಂದು ಸಾಮಾನನ್ನೂ ಅವರು ನಿಮ್ಮ ಫೋಟೋದ ಮುಂದೆ ಇಟ್ಟು ಹೂ ಏರಿಸಿದ್ದರು. ಅದರಲ್ಲಿ ಬರೀ ಹಟ ಇತ್ತು ಎಂದು ನಾನು ಹೇಗೆ ಹೇಳಲಿ? ಮನುಷ್ಯ ಹೋದಮೇಲೆ ಪೂಜೆ ಮಾಡಲು ಆತನ ಪಾನಾ ಜಾಕಿಯಾದರೂ ಉಳಿದಿವೆಯಲ್ಲ ಎಂದು ಅನಿಸಿರಬೇಕು. ಕಂಬಳಿಯನ್ನು ಮಾತ್ರ ಅವರು ಒಳಗೆ ಒಯ್ದಿರಲಿಲ್ಲ. ಡೀಸೆಲ್ ನಾರುತ್ತದೆ, ದೇವರ ಮುಂದೆ ಬೇಡ ಎಂದು ಪೆಟ್ಟಿಗೆಯಿಂದ ತೆಗೆದು ಸೀಟಿನ ಹಿಂದೆ ತುರುಕಿದ್ದರು.

ಸಸಿತೋಟದಲ್ಲಿಯೂ ಪೂಜೆ ಇತ್ತು. ಅತ್ತೆ ಎಂದೂ ಬಾರದವರು, "ನಾನೂ ಬರ್ತೀನಿ, ಅವ್ರು ದುಡಿದ ಜಾಗ ನೋಡ್ತೀನಿ" ಎಂದು ಹತ್ತಿ ಕೂತರು. ಗುಡ್ಡದ ಮೇಲೆ ಆಳುಗಳು ಟ್ರ್ಯಾಕ್ಟರನ್ನೂ ನೀರಿನ ಟ್ಯಾಂಕರನ್ನೂ ತೊಳೆದೂ ತೊಳೆದೂ ಇಡೀ ಅಂಗಳವನ್ನು ಕೆಂಪು ರಾಡಿ ಮಾಡಿಟ್ಟಿದ್ದರು. ನಮ್ಮ ಗಾಡಿಯನ್ನೂ ಅದರಲ್ಲೇ ನಿಲ್ಲಿಸಿದೆ. ಕುಂಬಳಕಾಯಿ ಒಡೆದದ್ದಾಯಿತು. ಮಂಡಕ್ಕಿ ಹಂಚಿದ್ದಾಯಿತು. ಮೊಣಕಾಲು ನೋವೆಂದು ಅತ್ತೆ ಗಾಡಿಯೊಳಗೇ ಕೂತು ಪ್ರಸಾದ ತಿನ್ನುತ್ತಿದ್ದರು. ಆಗ ಯಾರೋ ಒಬ್ಬ ಪುಣ್ಯಾತ್ಮ ಸರಪಟಾಕಿ ಹಚ್ಚಿದ. ಎದುರಿನ ಬಂಡೆಯ ಸಂದಿಯಲ್ಲಿ ಹೆಜ್ಜೇನು ಇತ್ತು.

ಆ ಸದ್ದನ್ನು ನೀವು ಕೇಳಿದ್ದೀರಾ? ಮೊದಲು ಎಲ್ಲೋ ದೂರದಲ್ಲಿ ಲಾರಿ ಏರು ಹತ್ತುತ್ತಿದೆ ಅನ್ನಿಸುತ್ತದೆ. ಆಮೇಲೆ ಆಕಾಶವೇ ಕಪ್ಪಗೆ ಮೈಮೇಲೆ ಬಂದಂತೆ... ಜನ ತಗಡಿನ ಶೆಡ್ಡಿಗೆ ನುಗ್ಗಿ ಬಾಗಿಲು ಹಾಕಿಕೊಂಡರು. ನಾನು ಗಾಡಿಗೆ ಹಾರಿ ಗಾಜು ಏರಿಸಿದೆ. ತಿಪ್ಪೇಶಿ ಗಾಬರಿಯಲ್ಲಿ ಶೆಡ್ಡಿನ ಕಡೆ ಬಿಟ್ಟು ಸಸಿ ನೆಡಲು ತೋಡಿದ್ದ ಗುಂಡಿಗಳ ಕಡೆಗೆ ಓಡಿ, ಎಡವಿ ಬಿದ್ದ. ನಮ್ಮ ಕಣ್ಣೆದುರಿಗೇ ತಲೆ ಹಿಡಿದುಕೊಂಡು ಹೊರಳಾಡುತ್ತಿದ್ದ. ಗಾಡಿಯನ್ನು ಅವನ ಹತ್ತಿರ ಒಯ್ಯೋಣವೆಂದು ಗೇರು ಹಾಕಿದೆ. ಫೋರ್ ವೀಲಿಗೆ ಹಾಕಿದರೂ ಚಕ್ರಗಳು ರಾಡಿಯಲ್ಲಿ ಸುಮ್ಮನೆ ಸುತ್ತಿದವು.

ಹಿಂದಕ್ಕೆ ತಿರುಗಿ ಪೆಟ್ಟಿಗೆ ತೆರೆದೆ. ಒಳಗೆ ಉದುರಿದ ಎರಡು ಚೆಂಡುಹೂವಿನ ಎಸಳು, ಅಷ್ಟೇ.

"ಅತ್ತೀ, ಸಾಮಾನು?"

"ದೇವ್ರ ಮುಂದ ಅದಾವ ಗಿರಿಜಾ..." ಅತ್ತೆಯ ಕೈಯಲ್ಲಿದ್ದ ಮಂಡಕ್ಕಿ ಚೆಲ್ಲಿತು. "ಅಯ್ಯ ಶಿವನೇ, ನನ್ನಿಂದ ಆ ಮನುಷ್ಯ ಸಾಯ್ತಾನ."

ಅವರನ್ನು ಬೈಯಲು ನನಗೆ ಪುರುಸೊತ್ತು ಇರಲಿಲ್ಲ. ಸುಳ್ಳು ಯಾಕೆ, ಬೈಯಬೇಕೆಂದು ಬಾಯಿತನಕ ಬಂದಿತ್ತು. ಆಗ ಗದ್ದೆಯ ಬದುವಿನ ಮೇಲೆ ಕೂತ ನೀವು ಕಣ್ಣ ಮುಂದೆ ಬಂದಿರಿ. ತಲೆ ಕೆಡಿಸಿಕೊಳ್ಳದೆ ನಿಲ್ಲು ಅಂದವರು. ಸೀಟಿನ ಹಿಂದೆ ಕೈ ಹಾಕಿದೆ, ಕಂಬಳಿ ಸಿಕ್ಕಿತು. ಕಂಪ್ಲಿಯಲ್ಲಿ ಮಳೆಗೆ ನಾಟಿಯ ಹೆಂಗಸರು ಗೋಣಿಚೀಲದ ಕೊಪ್ಪೆ ಹಾಕುವಂತೆ ಅದನ್ನು ತಲೆಯಿಂದ ಇಳಿಬಿಟ್ಟು, ಸೆರಗಿನಿಂದ ಮುಖ ಸುತ್ತಿಕೊಂಡು ಇಳಿದೆ. ಗಾಳಿ ಇಳಿಸಲು ಏನಿದೆ? ತಲೆಯ ಪಿನ್ನು ಇತ್ತು. ಒಂದೊಂದು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ವಾಲ್ವಿಗೆ ಪಿನ್ನು ಒತ್ತಿ ಹಿಡಿದೆ. ಕಂಬಳಿಯ ಮೇಲೆ ಜೇನು ಆಲಿಕಲ್ಲಿನಂತೆ ಬಡಿಯುತ್ತಿದ್ದವು. ಕೈಗೆ ಕಚ್ಚಿದವು, ಪಾದಕ್ಕೆ ಕಚ್ಚಿದವು. ಹೆದರಿಕೆ ಆಯಿತೇ ಎಂದು ಕೇಳುತ್ತೀರಾ? ಆಯಿತು ಮಾವಾರೇ. ಆದರೆ ಕೈಗೆ ಏನು ಮಾಡಬೇಕೆಂದು ಗೊತ್ತಿತ್ತು. ಆ ಗೊತ್ತಿರುವಿಕೆಯನ್ನು ನನಗೆ ಕೊಟ್ಟವರು ನೀವು.

ಗಾಡಿ ಎದ್ದಿತು. ತಿಪ್ಪೇಶಿಯ ಪಕ್ಕಕ್ಕೇ ತಂದು ನಿಲ್ಲಿಸಿ, ಅದೇ ಕಂಬಳಿಯನ್ನು ಅವನ ಮೇಲೆ ಎಳೆದು, ಉರುಳಿಸಿ, ಅತ್ತೆ ಒಳಗಿನಿಂದ ರಟ್ಟೆ ಹಿಡಿದು ಎಳೆದು, ನಾನು ಹೊರಗಿನಿಂದ ದಬ್ಬಿ... ಮೊಣಕಾಲು ನೋವಿನ ಅತ್ತೆಗೆ ಅಷ್ಟು ಬಲ ಎಲ್ಲಿತ್ತೋ! ಅವನ ಜೊತೆ ಒಳಗೆ ಬಂದ ಹುಳಗಳನ್ನು ಅವರು ಚಪ್ಪಲಿಯಿಂದ ಹೊಡೆದು ಹಾಕಿದರು.

ಗುಡ್ಡ ಇಳಿಯುವಾಗ ತಿಪ್ಪೇಶಿಯ ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಉಸಿರು ಗೊರಗೊರ ಅನ್ನುತ್ತಿತ್ತು. ಮೆತ್ತಗಾದ ಟೈರುಗಳ ಮೇಲೆ ಜೋರಾಗಿ ಓಡಿಸುವಂತಿಲ್ಲ, ಪಂಪು ಮನೆಯಲ್ಲಿ ಪೂಜೆ ಮಾಡಿಸಿಕೊಳ್ಳುತ್ತಿದೆ. ಒಂದೊಂದು ತಿರುವಿಗೂ ಗೇರು ಇಳಿಸುತ್ತಾ ಬಂದೆ. ಹಿಂದಿನ ಸೀಟಿನಿಂದ ಅತ್ತೆ ಮಾತನಾಡುತ್ತಲೇ ಇದ್ದರು.

"ತಿಪ್ಪೇಶೀ, ನಿದ್ದಿ ಹೋಗಬ್ಯಾಡಲೇ. ನನ್ನ ಕಡಿ ಲಕ್ಷ್ಯ ಇಡು. ರೊಟ್ಟಿ ಯಾರು ತಿಂತಿದ್ರು ಹೇಳು, ನೀನೋ ನಮ್ಮವ್ರೋ?"

ಕನ್ನಡಿಯಲ್ಲಿ ನೋಡಿದೆ. ಅವರು ಬಸ್ಸಿಗೆಂದು ಸೊಂಟದ ಚೀಲದಲ್ಲಿ ಇಟ್ಟುಕೊಳ್ಳುವ ಆಧಾರ್ ಕಾರ್ಡನ್ನು ತೆಗೆದು, ಅದರ ಅಂಚಿನಿಂದ ಅವನ ಕುತ್ತಿಗೆ, ಹಣೆ, ಕಿವಿಯ ಹಿಂದೆ ಹೊಕ್ಕಿದ್ದ ಜೇನಿನ ಮುಳ್ಳುಗಳನ್ನು ಕೆರೆದು ತೆಗೆಯುತ್ತಿದ್ದರು. ಚಿವುಟಿದರೆ ವಿಷ ಒಳಗಿಳಿಯುತ್ತದಲ್ಲ, ಅವರು ಚಿವುಟಿ ಕೀಳುತ್ತಿರಲಿಲ್ಲ, ಕೆರೆಯುತ್ತಿದ್ದರು. ನನ್ನ ಕಣ್ಣೆಲ್ಲ ರಸ್ತೆಯ ಮೇಲಿತ್ತು, ಅದರ ಬಗ್ಗೆ ಆಗ ಯೋಚಿಸಲಿಲ್ಲ.

ಸಂಡೂರಿನ ಆಸ್ಪತ್ರೆಯ ಮುಂದೆ ಬಾಳೆಕಂಬ ಕಟ್ಟಿದ ಗಾಡಿ ನಿಂತಾಗ ಜನ ನಮ್ಮನ್ನು ಪೂಜೆಗೆ ಬಂದವರೆಂದೇ ತಿಳಿದು ನಕ್ಕರು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಚ್ಚಿ, ನಮ್ಮನ್ನು ಹೊರಗೆ ಕೂರಿಸಿದರು. ಅತ್ತೆ ನೀರೂ ಮುಟ್ಟಲಿಲ್ಲ. ಗೋಡೆಗೆ ಒರಗಿ, "ಅವ್ರು ಬ್ಯಾಡ ಅಂದಿದ್ರು, ನಾ ಕೇಳಲಿಲ್ಲ" ಎಂದು ಅಷ್ಟನ್ನೇ ಹೇಳುತ್ತಿದ್ದರು. ಸಂಜೆಗೆ ನರ್ಸಮ್ಮ ಬಂದು, ಅಪಾಯ ಕಳೆಯಿತು, ಮಾತಾಡಿಸಬಹುದು ಅಂದಳು. ಹೋಗಿ ನೋಡಿದರೆ ತಿಪ್ಪೇಶಿ ಕುಂಬಳಕಾಯಿಯಂಥ ಮುಖದಲ್ಲಿ ತುಟಿ ತೆರೆದು, "ಅಮ್ಮಾರ, ಆ ಕಂಬಳಿ ಭಾಳ ನಾರ್ತೈತ್ರಿ" ಅಂದ. ಅತ್ತೆ ಅವನ ಮಂಚದ ಕಂಬಿ ಹಿಡಿದುಕೊಂಡು ಗಟ್ಟಿಯಾಗಿ ಅತ್ತರು. ನನಗೂ ಅಳು ಬಂತು.

ನಿನ್ನೆ ಬೆಳಿಗ್ಗೆ ಎದ್ದಾಗ ಹಾಸಿಗೆಯಲ್ಲಿ ಅತ್ತೆ ಇರಲಿಲ್ಲ. ಹೊರಗೆ ಗಾಡಿಯ ಬಾಗಿಲು ತೆರೆದಿತ್ತು. ದೇವರ ಮುಂದಿದ್ದ ಸಾಮಾನನ್ನೆಲ್ಲ ತಂದು ಅವರು ಪೆಟ್ಟಿಗೆ ತುಂಬುತ್ತಿದ್ದರು. ಸಹಾಯ ಮಾಡೋಣವೆಂದು ಹೋದವಳು ನಿಂತುಬಿಟ್ಟೆ. ತಳಕ್ಕೆ ಜಾಕಿ, ಅದರ ಹಿಡಿಕೆ ಎಡಕ್ಕೆ. ಹಗ್ಗವನ್ನು ಸಿಕ್ಕಾಗದಂತೆ ಎಂಟರ ಆಕಾರಕ್ಕೆ ಸುತ್ತಿ ಎಲ್ಲದರ ಮೇಲೆ. ಔಷಧದ ಡಬ್ಬಿ ಬಾಗಿಲಿನ ಕಡೆಗೆ. ಬ್ಯಾಟರಿಯ ಸೆಲ್ಲು ತೆಗೆದು ಬೇರೆ ಕಟ್ಟಿ ಅದರ ಪಕ್ಕಕ್ಕೇ. ನೀವು ಇಡುತ್ತಿದ್ದ ಹಾಗೆಯೇ ಮಾವಾರೇ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ.

"ಅತ್ತೀ, ನಿಮಗ ಇದನ್ನೆಲ್ಲಾ ಯಾರು ಹೇಳಿಕೊಟ್ರು? ಆ ಮುಳ್ಳು ಕೆರೆಯೋದು?"

"ದಿನಾ ಉಣ್ಣಾಕ ಕುಂತಾಗ ನಿನಗ ಹೇಳ್ತಿರಲಿಲ್ಲೇನು? ನಾ ಏನು ಕಿವುಡಿಯೇನು?"

ಆ ಊಟದ ಹೊತ್ತು ಕಣ್ಣಿಗೆ ಕಟ್ಟಿತು. ನೀವು ತುತ್ತು ಕೈಯಲ್ಲೇ ಹಿಡಿದು ನನಗೆ ಪಾಠ ಹೇಳುತ್ತಿದ್ದಿರಿ, ಅತ್ತೆ ಟಿವಿಯ ಕಡೆಗೆ ಮುಖ ಮಾಡಿ ಕೂತಿರುತ್ತಿದ್ದರು. "ನಿಮ್ಮತ್ತಿ ಮುಂದ ಇಷ್ಟು ವರ್ಷ ಹೇಳಿದ್ದು ಗ್ವಾಡಿ ಮುಂದ ಹೇಳಿದಂಗ ಆತು" ಎಂದು ನೀವು ನೊಂದುಕೊಳ್ಳುತ್ತಿದ್ದಿರಿ. ಕೊನೆಯ ವಾರದಲ್ಲಿಯೂ ಹಾಗೇ ಅಂದಿರಿ.

"ಗೊತ್ತೈತಿ ಅಂತ ಮಾವಾರಿಗೆ ಒಮ್ಮೆರೆ ಹೇಳಬೇಕಿಲ್ಲೇನ್ರಿ ಅತ್ತೀ? ಎಷ್ಟು ಖುಷಿ ಪಡ್ತಿದ್ರು!"

ಅತ್ತೆ ಹಗ್ಗದ ತುದಿಯನ್ನು ಒಳಗೆ ಸಿಕ್ಕಿಸಿದರು. ಸೆರಗಿನಿಂದ ಪೆಟ್ಟಿಗೆಯ ಅಂಚು ಒರೆಸಿದರು.

"ಗೊತ್ತೈತಿ ಅಂದ್ರ ಮಾತು ನಿಲ್ಲಿಸಿಬಿಡ್ತಿದ್ರವ್ವಾ. ಇಡೀ ದಿನ ಗುಡ್ಡದಾಗ ಇದ್ದು ಬರಾ ಮನುಷ್ಯ. ಆ ದನಿ ಕೇಳಾಕ ನನಗ ಸಿಗ್ತಿದ್ದದ್ದು ಅದೊಂದ ಹೊತ್ತು."

ಈ ಸುದ್ದಿ ಹೇಳುವುದಕ್ಕಾಗಿಯೇ ಈ ಕಾಗದ, ಮಾವಾರೇ. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಿನ್ನೆಯಿಂದ ಊಟಕ್ಕೆ ಕೂತಾಗ ನಾನು ಶುರು ಮಾಡಿದ್ದೇನೆ, ಹಗ್ಗ ಯಾಕೆ ಮೇಲಿರಬೇಕು, ನೀರು ಯಾವಾಗ ಬದಲಿಸಬೇಕು ಎಂದು, ಥೇಟ್ ನಿಮ್ಮ ಹಾಗೆ ತುತ್ತು ಕೈಯಲ್ಲಿ ಹಿಡಿದುಕೊಂಡು. ಅತ್ತೆ ಟಿವಿಯ ಕಡೆಗೆ ಮುಖ ಮಾಡಿ ಕೂತಿರುತ್ತಾರೆ, ಅದರ ದನಿಯನ್ನು ಪೂರ್ತಿ ಇಳಿಸಿ.

ನಿಮ್ಮ,
ಗಿರಿಜಾ