ನಲವತ್ತೆರಡು ಪುಟಗಳು

ಕಾಲೇಜಿನ ಸ್ಟಾಫ್ ರೂಮು
ಬುಧವಾರ, ಮಾರ್ಚ್ ೬, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಣಿಕಟ್ಟಿನ ನೋವು ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಅದು ಡ್ರಾಯರಿನಲ್ಲೇ ವಿಶ್ರಾಂತಿ ಪಡೆಯುತ್ತಿದೆಯೋ? ದಿನಕ್ಕೆ ಎರಡು ಪುಟಕ್ಕಿಂತ ಹೆಚ್ಚು ಅನುವಾದ ಮಾಡಲು ಬಿಡಬೇಡಿ ಎಂದು ಭಾವನಿಗೆ ಹೇಳಿದ್ದೇನೆ. ಅವರು ನಿನ್ನ ಮುಂದೆ ಬಾಯಿ ಬಿಡುವುದಿಲ್ಲ ಎನ್ನುವುದೂ ಗೊತ್ತು. ನಾನು ಚೆನ್ನಾಗಿದ್ದೇನೆ. ನಿದ್ದೆ ಸ್ವಲ್ಪ ಕಡಿಮೆ.

ನೀನು ಅನುವಾದಿಸಿದ ಸೇತುವೆ ಕಾವಲುಗಾರನ ಕಾದಂಬರಿಯನ್ನು ಈ ವರ್ಷ ಪಾಠಕ್ಕೆ ಇಟ್ಟುಕೊಂಡಿದ್ದೇನೆ. ಅಂಗಡಿಗಳಲ್ಲಿ ಪ್ರತಿ ಸಿಗುವುದಿಲ್ಲ. ಲೈಬ್ರರಿಯಲ್ಲಿರುವುದು ಒಂದೇ, ಅದರ ಬೆನ್ನು ಕಿತ್ತುಹೋಗಿದೆ. ತರಗತಿಯಲ್ಲಿ ಇಪ್ಪತ್ತಮೂರು ಮಂದಿ. ಹಾಗಾಗಿ ಕಾವಲುಗಾರನ ವಿಚಾರಣೆ ನಡೆಯುವ ಎರಡು ಅಧ್ಯಾಯಗಳನ್ನು, ಒಟ್ಟು ನಲವತ್ತೆರಡು ಪುಟ, ಜೆರಾಕ್ಸ್ ಮಾಡಿಸಿ ಹಂಚಿದೆ. ಪಾಠ ಮಾಡುವಾಗ ಮೂರು ಅಚ್ಚಿನ ತಪ್ಪು ಕಣ್ಣಿಗೆ ಬಿದ್ದವು. ನನ್ನ ಚಾಳಿ ನಿನಗೆ ಗೊತ್ತಲ್ಲ. ಆ ಜೆರಾಕ್ಸ್ ಹಾಳೆಗಳ ಮೇಲೆಯೇ ಪೆನ್ಸಿಲಿನಿಂದ ಗುರುತು ಹಾಕಿ, ಮುಂದಿನ ಮುದ್ರಣಕ್ಕೆ ಉಪಯೋಗವಾದೀತು ಎಂದು ಪ್ರಕಾಶಕರಿಗೆ ಅಂಚೆಯಲ್ಲಿ ಕಳಿಸಿದೆ. ಕಾಲೇಜಿನ ವಿಳಾಸ, ತರಗತಿ, ವಿದ್ಯಾರ್ಥಿಗಳ ಸಂಖ್ಯೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದೆ. ಧನ್ಯವಾದ ಬರಲಿಲ್ಲ, ಅನುಮತಿಯಿಲ್ಲದೆ ನಕಲು ಮಾಡಿದ್ದೀರಿ ಎಂದು ಕಾಲೇಜಿಗೆ ವಕೀಲರ ನೋಟಿಸು ಬಂತು.

ನಮ್ಮ ಪ್ರಾಂಶುಪಾಲರಿಗೆ ಮಕ್ಕಳು ಇಟ್ಟ ಹೆಸರು ‘ಆಮೇಲೆ ಸಾರ್’. ಒಡೆದ ಕಿಟಕಿಗೂ ರಜೆ ಅರ್ಜಿಗೂ ಅವರದು ಅದೊಂದೇ ಉತ್ತರ. ಈ ನೋಟಿಸಿಗೆ ಮಾತ್ರ ಅರ್ಧ ಗಂಟೆಯೂ ಕಾಯಲಿಲ್ಲ. ಹಂಚಿದ ಪ್ರತಿಗಳನ್ನೆಲ್ಲ ವಾಪಸು ತರಿಸಿ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪರೀಕ್ಷೆಗೆ ಹನ್ನೆರಡು ದಿನ ಇದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ತನ್ನ ಪ್ರತಿ ಕೊಡುತ್ತಾ, “ಮೇಡಂ, ಓದಿ ಆಗಿರೋದನ್ನೂ ವಾಪಸ್ ಕೊಡಬೇಕಾ?” ಎಂದಳು. ನನಗೆ ನಗು ಬರಲಿಲ್ಲ. ಅವಳ ಹಾಳೆಗಳ ಅಂಚಿನ ತುಂಬ ಟಿಪ್ಪಣಿಗಳಿದ್ದವು.

ಪಾಠಕ್ಕೆಂದು ಶಿಕ್ಷಕರು, ಓದಿಗೆಂದು ವಿದ್ಯಾರ್ಥಿಗಳು ನಕಲು ಮಾಡಿಕೊಂಡರೆ ತಪ್ಪಲ್ಲ ಎಂದು ಕಾಯಿದೆಯಲ್ಲೇ ಇದೆ. ಆ ಪುಟವನ್ನು ಪ್ರಾಂಶುಪಾಲರ ಮುಂದಿಟ್ಟೆ. ಓದಿದರು, ಮಡಿಸಿದರು, ನನಗೇ ಕೊಟ್ಟರು. “ನಿಮ್ಮ ಅಕ್ಕನೇ ತಾನೇ ಮೇಡಂ, ಅನುವಾದದ ಹಕ್ಕೂ ಅವರದೇ ಅಂತೀರಿ. ಅನುಮತಿ ಅಂತ ಒಂದು ಸಾಲು ಬರೆಸಿಕೊಂಡು ಬನ್ನಿ, ತಲೆನೋವು ಹೋಗುತ್ತೆ” ಎಂದರು. ಮುಂದಿನ ಗುರುವಾರ ಆಡಳಿತ ಮಂಡಳಿಯ ಮುಂದೆ ನನ್ನ ವಿಚಾರಣೆ. ನನ್ನ ಕೆಲಸ ಇನ್ನೊಂದು ವರ್ಷ ಮುಂದುವರಿಯಬೇಕೋ ಬೇಡವೋ ಎಂಬುದೂ ಅವತ್ತೇ ತೀರ್ಮಾನವಾಗುತ್ತದೆ.

ನಿನ್ನ ಮೊದಲ ಪುಸ್ತಕವನ್ನು ಯಾರೋ ಪೂರ್ತಿಯಾಗಿ ಕದ್ದು ಅಚ್ಚು ಹಾಕಿ ಮಾರಿದಾಗ ನೀನು ವಾರಗಟ್ಟಲೆ ಸರಿಯಾಗಿ ಊಟ ಮಾಡಿರಲಿಲ್ಲ. ಅದನ್ನು ನಾನು ಮರೆತಿಲ್ಲ, ಅಕ್ಕಾ. ನಾನು ಮಾಡಿದ್ದು ಅದಲ್ಲ ಎಂದು ನನಗೆ ಗೊತ್ತು. ನಿನಗೂ ಹಾಗೇ ಅನ್ನಿಸುತ್ತದೆಯೇ ಎಂಬ ಒಂದೇ ಅಳುಕು.

ಭಾವನಿಗೆ ನಮಸ್ಕಾರ. ಪುಟ್ಟಿಗೆ ಒಂದು ಮುತ್ತು, ಅವಳು ಕೆನ್ನೆ ಒರೆಸಿಕೊಂಡರೆ ಇನ್ನೊಂದು.

ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪ್ರಾಂಶುಪಾಲರು ಬಂದು ನಿನ್ನ ಫೋನ್ ನಂಬರು ಕೇಳಿದರು, ಕೊಟ್ಟೆ. ಸೋಮವಾರ ಫೋನ್ ಮಾಡಿ ಅನುಮತಿ ಕೇಳುತ್ತಾರಂತೆ. ಕೊಡಬೇಡ. ‘ತರಗತಿಯ ಪಾಠಕ್ಕೆ ನನ್ನ ಅನುಮತಿ ಬೇಕಾಗಿಯೇ ಇಲ್ಲ’ ಎಂದಷ್ಟೇ ಹೇಳು, ಸಾಧ್ಯವಾದರೆ ಅದನ್ನೇ ಬರೆದು ಕಳಿಸು. ನೀನು ಅನುಮತಿ ಕೊಟ್ಟರೆ ನನ್ನ ಕೆಲಸ ಉಳಿಯುತ್ತದೆ, ನಿಜ. ಆದರೆ ನಾಳೆಯಿಂದ ಪಕ್ಕದ ಮೇಜಿನ ಇತಿಹಾಸದ ಮೇಷ್ಟ್ರನ್ನೂ ಅನುಮತಿ ಪತ್ರ ಎಲ್ಲಿ ಎಂದು ಕೇಳುತ್ತಾರೆ. ಅವರಿಗೆ ಪುಸ್ತಕ ಬರೆಯುವ ಅಕ್ಕ ಇಲ್ಲ.